ಬರಕ್ಕೆ ಹಾಕಿದ ಹಳಿ, ಹೊಳೆದಂಡೆಯ ಸ್ಟೇಷನ್

ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕು ಕೇಂದ್ರಗಳು; ಮೂರಕ್ಕೂ ರೈಲಿಲ್ಲ. ಈ ಸೀಮೆಯವರು ಗಾಡಿ ಹತ್ತಬೇಕೆಂದರೆ ಹೆಚ್ಚಾಗಿ ಗದಗಿಗೆ ಹೋಗಬೇಕು, ಇಲ್ಲವೇ ಮಲಪ್ರಭೆಯ ದಂಡೆಯ ಹೊಳೆಆಲೂರಿಗೆ ಬರಬೇಕು. ರೋಣದವರಿಗೆ ಮಲ್ಲಾಪುರವೂ ಇದೆ; ಅದು ಸಣ್ಣ ಸ್ಟೇಷನ್.

ಈ ಸೀಮೆಗೆ ಹಳಿ ಬಂದದ್ದಾದರೂ ಏಕೆ? ಕಾರಣ 1876–78ರ ಭೀಕರ ಬರ. ಬೆಳೆ ಹೋದದ್ದು ಒಂದು ಕಷ್ಟ. ಬೇರೆ ಕಡೆ ಇದ್ದ ಕಾಳನ್ನು ಹೇರಿಕೊಂಡು ಬರಲು ಎತ್ತುಗಳಿಗೇ ಮೇವಿಲ್ಲದ್ದು ಇನ್ನೊಂದು. ಅದಾದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, 1884ರಲ್ಲಿ ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗ ತೆರೆಯಿತು. ಗದಗಿನಿಂದ ಬಾದಾಮಿ ಕಡೆ ಹೊರಟ ಹಳಿ ಹೊಳೆ ದಾಟಿದ್ದು ಆಲೂರಿನ ಹತ್ತಿರ. ನರಗುಂದ ಪಡುವಣಕ್ಕೆ, ಗಜೇಂದ್ರಗಡ ಮೂಡಣಕ್ಕೆ ಉಳಿದವು.

ಕಾಳು ತರಲೆಂದು ಬಂದ ಗಾಡಿ ಎರಿ ಹೊಲದ ಹತ್ತಿಯನ್ನೂ ಒಯ್ಯತೊಡಗಿತು. ಆದರೆ ಹೋಟಗಿಯಲ್ಲಿ ಮುಂಬೈ ಕಡೆಯ ಹಳಿ ಬ್ರಾಡ್‌ಗೇಜ್. ಹಾಗಾಗಿ ಅತ್ತ ಹೊರಟ ಅಂಡಿಗೆಗಳನ್ನು ಹಮಾಲರು ಇಳಿಸಿ, ಮತ್ತೊಂದು ವ್ಯಾಗನ್ನಿಗೆ ಏರಿಸಬೇಕಿತ್ತು. ಈ ತಾಪತ್ರಯ ಮುಗಿದದ್ದು ಇಡೀ ಮಾರ್ಗ ಬ್ರಾಡ್‌ಗೇಜ್ ಆದ ಮೇಲೆ, ಅಂದರೆ ಈ ಶತಮಾನದಲ್ಲಿ.

ಒಂಟಿ ಹಳಿಯ ಸ್ಟೇಷನ್ನಿನಲ್ಲಿ ಟಿಕೆಟ್ ಕಿಟಕಿ, ಕಲ್ಲಿನ ಬೆಂಚು, ನೀರಿನ ನಳಗಳಿಗಿಂತ ಮುಖ್ಯವಾದದ್ದು ಎರಡನೇ ಹಳಿ. ಎದುರು ಗಾಡಿ ಬರುವವರೆಗೆ ಈ ಗಾಡಿ ಅಲ್ಲಿ ಸರಿದು ನಿಲ್ಲಬೇಕು. ‘ಕ್ರಾಸಿಂಗ್ ಐತೇನ್ರಿ?’ ಎಂದು ಕೇಳಿ, ಹೌದೆಂದರೆ ಜನ ನಿಶ್ಚಿಂತೆಯಿಂದ ಕೆಳಗಿಳಿಯುತ್ತಾರೆ. ತಡವಾಯಿತೆಂದು ಸಿಡುಕುವವರು ಹೆಚ್ಚಾಗಿ ದೂರದೂರಿನವರೇ.

ಈಗ 284 ಕಿ.ಮೀ. ಉದ್ದದ ಗದಗ–ಹೋಟಗಿ ಜೋಡಿ ಹಳಿ ಯೋಜನೆಯಿಂದ ಆ ಕಾಯುವಿಕೆಗೂ ಕೊನೆ. ಅದರ ಹಿಂದಿರುವುದೂ ಪ್ರಯಾಣಿಕರಲ್ಲ, ಕೂಡಗಿ ವಿದ್ಯುತ್ ಸ್ಥಾವರದ ಕಲ್ಲಿದ್ದಲು. ಹೋಟಗಿಯಿಂದ ಕೂಡಗಿವರೆಗಿನ ಖರ್ಚಿಗೆ ಆ ಸ್ಥಾವರದ ಒಡೆಯನಾದ ಎನ್‌ಟಿಪಿಸಿಯೂ ಹೆಗಲು ಕೊಟ್ಟಿದೆ. ಆಗ ಬರ, ಆಮೇಲೆ ಹತ್ತಿ, ಈಗ ಕಲ್ಲಿದ್ದಲು. ಆಲೂರಿನವರು ಮಾತ್ರ ನಡುವೆ ಜಾಗ ಮಾಡಿಕೊಂಡು ಹತ್ತಿದರು.

ಹೊಳೆ ಹತ್ತಿರವಿರುವುದರ ಬೆಲೆಯನ್ನೂ ಊರು ತೆತ್ತಿದೆ. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿ ಈ ದಂಡೆಯ ಹಳ್ಳಿಗಳೊಳಗೆ ನುಗ್ಗಿತು.

ಗಜೇಂದ್ರಗಡದವರ ಕಣ್ಣು ಈಗ ಕುಷ್ಟಗಿಯ ಮೇಲಿದೆ. ತಳಕಲ್‌ನಿಂದ ವಾಡಿಗೆ ಹೊರಟ ಹೊಸ ಮಾರ್ಗದಲ್ಲಿ 2025ರ ಮೇನಲ್ಲಿ ಹುಬ್ಬಳ್ಳಿ–ಕುಷ್ಟಗಿ ರೈಲು ಶುರುವಾಯಿತು. ಕುಷ್ಟಗಿಯಿಂದ ನರಗುಂದದ ಮೇಲೆ ಘಟಪ್ರಭಾಕ್ಕೆ ಹಳಿ ಹಾಕಿ ಎಂಬ ಬೇಡಿಕೆಯೂ ಇದೆ. ಅದು ಕೈಗೂಡಿದರೆ ನರಗುಂದದ ಹೆಸರೂ ಒಂದು ಪ್ಲಾಟ್‌ಫಾರ್ಮಿನ ಹಳದಿ ಫಲಕ ಏರೀತು.