ಗೋಡೆಗೆ ನೇತುಹಾಕಿದ ಜೀಪುಗಳು

ಆಚಾರ್ರು ಬಾನೆಟ್ ಎತ್ತಲೇ ಇಲ್ಲ. ನೇರವಾಗಿ ಡ್ರೈವರ್ ಸೀಟಿನ ಮುಂದೆ ಬಗ್ಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಳದ ತಗಡನ್ನು ಕುಟ್ಟುತ್ತಾ ಹೋದರು. ಠಣ್, ಠಣ್, ಠಣ್. ಆಕ್ಸಿಲರೇಟರ್ ಹತ್ತಿರ ಬರುತ್ತಿದ್ದಂತೆ ಸದ್ದು ಬದಲಾಯಿತು. ಒದ್ದೆ ರಟ್ಟಿಗೆ ಹೊಡೆದ ಹಾಗೆ ‘ಥಪ್’ ಎಂದಿತು. ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆಯಿಂದ ಮೆಲ್ಲಗೆ ಒತ್ತಿದರು. ಮೊನೆ ಸಲೀಸಾಗಿ ಇಳಿದು ಕೆಳಗಿನ ಹುಲ್ಲಿಗೆ ತಾಗಿತು.

“ಪೇಂಟ್ ಒಂದೇ ಇರೋದು ಮಾರಾಯ್ರೆ. ತಗಡು ಹೋಗಿ ಎರಡು ಮಳೆಗಾಲ ಆಗಿದೆ.”

ಜೀಪಿನ ಯಜಮಾನರು ಮಾತಾಡಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಿಂತವರ ಹಾಗಿತ್ತು ಅವರ ಮುಖ.

ಮೂಡಿಗೆರೆ ಸೀಮೆಯ ಒಂದು ರಸ್ತೆ ಬದಿಯ ಶೆಡ್ ಇದು. ಬೋರ್ಡಿಲ್ಲ. ಹೆಸರು ಬರೆಯುವುದು ಬೇಡ ಎಂದು ಆಚಾರ್ರೇ ಹೇಳಿದ್ದರಿಂದ, ಸುತ್ತಮುತ್ತಲ ತೋಟದವರು ಕರೆಯುವ ಹಾಗೆ ನಾನೂ ಬರೀ ‘ಆಚಾರ್ರು’ ಎನ್ನುತ್ತೇನೆ. ಎಪ್ಪತ್ತು ದಾಟಿದ ವಯಸ್ಸು, ತೋಳಿನ ತುಂಬ ವೆಲ್ಡಿಂಗ್ ಕಿಡಿ ಹಾರಿದ ಸಣ್ಣ ಸಣ್ಣ ಕಲೆಗಳು. ಅವರು ಎಂಜಿನ್ ಮುಟ್ಟುವುದಿಲ್ಲ. ತುಕ್ಕು ತಿಂದ ಜೀಪುಗಳಿಗೆ ತಳ, ಟೂಲ್ ಬಾಕ್ಸು, ಮಡ್‌ಗಾರ್ಡು, ಬ್ಯಾಟರಿ ಟ್ರೇ, ಚಕ್ರದ ಮೇಲಿನ ಪೆಟ್ಟಿಗೆ ಇವನ್ನು ಕೈಯಲ್ಲೇ ಮಾಡಿ ಮಾರುತ್ತಾರೆ. ಕಂಪನಿಯವರು ಆ ಸಾಮಾನು ಕೊಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾದ ಗಾಡಿಗಳಿಗೆ.

ನಾನು ಹೋಗಿದ್ದು ಅವರ ಗೋಡೆ ನೋಡಲು.

ಶೆಡ್ಡಿನ ಹಿಂಗೋಡೆಯ ಉದ್ದಕ್ಕೂ ಮೊಳೆ. ಒಂದೊಂದು ಮೊಳೆಗೂ ನಾಲ್ಕಾರು ಪ್ಯಾಟ್ರನ್. ಪ್ಲೈವುಡ್ಡಿನವು, ರಟ್ಟಿನವು, ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಮೈದಾ ಅಂಟಿನಿಂದ ಪದರ ಪದರವಾಗಿ ಅಂಟಿಸಿ ಮಾಡಿದವು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತೋಟದ ಹೆಸರು, ಬಲ ಅಥವಾ ಎಡ ಎಂಬ ಗುರುತು, ಬೋಲ್ಟಿನ ತೂತುಗಳು. ಒಂದೇ ಮಾಡೆಲಿನ ಜೀಪಿಗೆ ಇಷ್ಟೊಂದು ಪ್ಯಾಟ್ರನ್ ಯಾಕೆ ಎಂದು ಕೇಳಿದೆ. ಎರಡನ್ನು ಇಳಿಸಿ ಒಂದರ ಮೇಲೊಂದು ಇಟ್ಟು ತೋರಿಸಿದರು. ಅಂಚುಗಳು ಅರ್ಧ ಇಂಚು ಬೇರೆ.

“ಕಂಪನಿಯಿಂದ ಬರುವಾಗ ಎಲ್ಲಾ ಒಂದೇ. ಆಮೇಲೆ ಒಂದು ಹಳ್ಳಕ್ಕೆ ಬಿದ್ದಿರ್ತದೆ, ಒಂದರಲ್ಲಿ ಮರದ ದಿಮ್ಮಿ ಹೇರಿರ್ತಾರೆ, ಇನ್ನೊಂದಕ್ಕೆ ನಮ್ಮಪ್ಪನೇ ತೇಪೆ ಹಾಕಿರ್ತಾರೆ. ಇಪ್ಪತ್ತು ವರ್ಷ ಓಡಿದ ಮೇಲೆ ಯಾವ ಜೀಪೂ ಇನ್ನೊಂದರ ಹಾಗಿರಲ್ಲ.”

ಅವರ ಅಪ್ಪ ಮೊದಲು ಎತ್ತಿನ ಗಾಡಿ ಮಾಡುತ್ತಿದ್ದವರು. ಮರದ ಚಕ್ರಕ್ಕೆ ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ, ನೀರು ಹೊಯ್ದು ಬಿಗಿಸುವ ಕೆಲಸ. ಈ ಸೀಮೆಗೆ ಜೀಪು ಬಂದ ಕತೆಯನ್ನು ಆಚಾರ್ರು ಅಪ್ಪನಿಂದ ಕೇಳಿದ್ದಾರೆ: ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳನ್ನು ತೋಟದವರು ಕೊಂಡು ತಂದರು. 1941ರಿಂದ 1945ರವರೆಗೆ ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದರು. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎತ್ತರದ ಬಾನೆಟ್ಟಿನ ಸಿಜೆ 3ಬಿ 1968ಕ್ಕೆ ಅಲ್ಲಿ ನಿಂತುಹೋದರೂ ನಮ್ಮಲ್ಲಿ ದಶಕಗಟ್ಟಲೆ ತಯಾರಾಯಿತು. ಎಂಬತ್ತರ ದಶಕದ ನಡುವಿಗೆ ಎಂಎಂ 540 ಬಂತು. ಆಚಾರ್ರ ಬಿಸ್ಕೆಟ್ ಡಬ್ಬಿಯಲ್ಲಿ ಒಂದು ಬೋಲ್ಟಿದೆ, ತಲೆಯ ಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರ. ಯುದ್ಧಕಾಲದ ಜೀಪುಗಳ ನಟ್ಟು ಬೋಲ್ಟುಗಳ ಮೇಲೆ ಫೋರ್ಡ್ ಕಂಪನಿ ಒತ್ತುತ್ತಿದ್ದ ಗುರುತು ಅದು. ಯಾವುದೋ ವಿಲ್ಲೀಸಿನ ತಳ ಬಿಚ್ಚುವಾಗ ಸಿಕ್ಕಿತಂತೆ. ಮಾರುವುದಿಲ್ಲ, ಹಾಕುವುದೂ ಇಲ್ಲ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ.

ಇಂಥ ಕೈಕೆಲಸ ಜೀಪಿಗೆ ಒಗ್ಗುವುದಕ್ಕೆ ಕಾರಣ ಅದರ ಮೈಯೇ. ಯುದ್ಧದ ಅವಸರದಲ್ಲಿ ಬೇಗ ಮಾಡಿ ಮುಗಿಸಲೆಂದು ರೂಪಿಸಿದ ಗಾಡಿ, ಬಹುಪಾಲು ಚಪ್ಪಟೆ ತಗಡು, ನೇರವಾದ ಮಡಿಕೆ. ಈಗಿನ ಕಾರಿನ ಬಾಗಿಲನ್ನು ದೊಡ್ಡ ಪ್ರೆಸ್ಸಿನ ಅಚ್ಚಿಲ್ಲದೆ ಯಾರೂ ಮಾಡಲಾರರು. ಜೀಪಿನ ತಳವನ್ನು ಕತ್ತರಿ, ಮರದ ಕೊಡತಿ, ಎರಡು ಆಂಗಲ್ ಇದ್ದರೆ ಮಾಡಬಹುದು. ಫಿಲಿಪ್ಪೀನ್ಸಿನಲ್ಲಿ ಯುದ್ಧದ ನಂತರ ಉಳಿದ ಜೀಪುಗಳೇ ‘ಜೀಪ್ನಿ’ ಎಂಬ ಬಸ್ಸುಗಳಾದದ್ದು ಹೀಗೆ. ಅಲ್ಲಿ ಮಾಡಿದ ಹೊಸ ಮೈಗಳು ಹಳೆಯ ವಿಲ್ಲೀಸುಗಳಿಗಾಗಿ ಇಂದು ಅಮೆರಿಕಕ್ಕೇ ಹೋಗುತ್ತವೆ.

ಮಲೆನಾಡಿನ ತುಕ್ಕಿಗೆ ಮಳೆಯೊಂದೇ ಕಾರಣವೆಂದು ನಾನು ತಿಳಿದಿದ್ದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ ಇದು, ಹಾಗೆ ಅನ್ನಿಸುವುದು ಸಹಜ. ಆಚಾರ್ರು ತಲೆಯಾಡಿಸಿದರು. ಮಳೆ ನೀರು ಹರಿದು ಹೋಗುತ್ತದೆ, ಜೀಪನ್ನು ತಿನ್ನುವುದು ಅದರಲ್ಲಿ ಹೇರುವ ಸಾಮಾನು. ಪೊಟ್ಯಾಷ್ ಗೊಬ್ಬರದ ಚೀಲ ಹರಿದು ಚೆಲ್ಲುತ್ತದೆ. ಅದರಲ್ಲಿರುವ ಕ್ಲೋರೈಡು, ಕರಾವಳಿಯ ಉಪ್ಪಿನ ಹಾಗೆ, ತಗಡಿನ ಸಂದಿಯಲ್ಲಿ ಕೂತು ತೇವ ಹಿಡಿದಿಟ್ಟು ಕಬ್ಬಿಣವನ್ನು ಕೊರೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸೇರಿಸುವ ಮೊದಲಿನ ನೀಲಿ ನೀರು ಬರಿಯ ಕಬ್ಬಿಣದ ಮೇಲೆ ಬಿದ್ದರೆ ತಾಮ್ರ ಕೆಂಪಗೆ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಜೀಪಿನ ಹಿಂಭಾಗದಲ್ಲಿ ದುಂಡಗೆ ಸವೆದ ತೂತು ಕಂಡರೆ ಅಲ್ಲಿ ಡ್ರಮ್ಮು ಇಡುತ್ತಿದ್ದರು ಎಂದೇ ಲೆಕ್ಕ. ಆಚಾರ್ರು ತಳ ನೋಡಿ ತೋಟದ ಬೆಳೆ ಹೇಳಬಲ್ಲರು.

ಇನ್ನೊಂದು ಕಾರಣ ಜೀಪಿನ ಹೊಟ್ಟೆಯಲ್ಲೇ ಇದೆ. ತಳ ಬಗ್ಗದಿರಲಿ ಎಂದು ಅದರಡಿ ಟೋಪಿಯ ಆಕಾರಕ್ಕೆ ಮಡಿಸಿದ ಉದ್ದ ಪಟ್ಟಿಗಳಿರುತ್ತವೆ. ಹಳೆಯ ವಿಲ್ಲೀಸಿನಲ್ಲಿ ಈ ಚಾನೆಲ್ಲಿನೊಳಗೆ ಮರದ ಪಟ್ಟಿ ಕೂರಿಸುತ್ತಿದ್ದರು. ಮರ ನೀರು ಕುಡಿಯುತ್ತದೆ, ಮುಚ್ಚಿದ ಜಾಗದಲ್ಲಿ ಒಣಗುವುದಿಲ್ಲ, ಒಳಗಿನಿಂದ ಕೊಳೆಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಸಂದಿ ಉಬ್ಬಿ ಬೆಸುಗೆಗಳು ಬಿಡುತ್ತವೆ. ಅಪ್ಪನ ಕಾಲದಲ್ಲಿ ಅಂಥ ಚಾನೆಲ್ ಬಿಚ್ಚಿದಾಗ ಕಾಫಿಪುಡಿಯ ಹಾಗೆ ಕಪ್ಪು ಹುಡಿ ಸುರಿದದ್ದು ಆಚಾರ್ರಿಗೆ ಇನ್ನೂ ನೆನಪು. ಈಗ ಅವರು ಮರ ಹಾಕುವುದಿಲ್ಲ. ನೀರು ಇಳಿಯಲು ತೂತು ಬಿಟ್ಟು ಒಳಗೆ ಗ್ರೀಸು ಬಳಿಯುತ್ತಾರೆ. ಹಳೆಯ ಗಾಡಿಯನ್ನು ಮೊದಲಿದ್ದ ಹಾಗೇ ಮಾಡಿಸಬೇಕು ಎನ್ನುವವರು ಬಂದರೆ ಮಾತ್ರ ಹೊನ್ನೆ ಮರದ ಪಟ್ಟಿ ಕೊಯ್ದು, ಅಗಸೆ ಎಣ್ಣೆ ಕುಡಿಸಿ ಕೂರಿಸುತ್ತಾರೆ. ಆ ಪಟ್ಟಿಗೆ ಉಳಿ ಹಿಡಿದಾಗ ಅವರ ಕೈ ಬೇರೆಯೇ ಆಗುತ್ತದೆ. ಚಕ್ರ ಮಾಡುತ್ತಿದ್ದ ಮನೆಯ ಕೈ ಅದು.

ತಳ ಮಾಡುವುದನ್ನು ಮೂರು ದಿನ ಕೂತು ನೋಡಿದೆ. ಜೀಪಿನಲ್ಲಿ ಡೀಸೆಲ್ ಟ್ಯಾಂಕ್ ಡ್ರೈವರ್ ಸೀಟಿನಡಿಯೇ ಇರುವುದರಿಂದ ಮೊದಲ ಕೆಲಸ ಅದನ್ನು ಬಿಚ್ಚಿ ಅಂಗಳದಾಚೆ ಇಡುವುದು. ಆಮೇಲೆ ಅಳತೆ. ಕೊಳೆತ ತಗಡಿನಿಂದ ಅಳತೆ ಸಿಗದು, ಆದ್ದರಿಂದ ಕೆಳಗಿನ ಚಾಸಿಸ್ಸಿನ ಬೋಲ್ಟ್ ತೂತುಗಳಿಂದ ದಾರ ಹಿಡಿಯುತ್ತಾರೆ. “ಬಾಡಿ ಸುಳ್ಳು ಹೇಳ್ತದೆ, ಚಾಸಿಸ್ ಹೇಳಲ್ಲ” ಎಂಬುದು ಅವರ ಮಾತು. 16 ಗೇಜಿನ ಶೀಟನ್ನು ಎರಡು ಆಂಗಲ್‌ಗಳ ನಡುವೆ ಬಿಗಿದು, ಕೊಡತಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಗುರವಾಗಿ ಬಡಿಯುತ್ತಾ ಹೋಗುತ್ತಾರೆ. ಒಮ್ಮೆಗೆ ಹತ್ತು ಡಿಗ್ರಿಯಷ್ಟೂ ಬಗ್ಗಿಸುವುದಿಲ್ಲ. ತಳದ ಮೇಲೆ ಏಳುವ ಗೆರೆಗಳಿಗೆ ಹಲಸಿನ ದಿಮ್ಮಿಯಲ್ಲಿ ಕೊರೆದ ಕಾಲುವೆಯೇ ಅಚ್ಚು. ಮೇಲೆ ತಗಡಿಟ್ಟು ಸರಳಿನಿಂದ ಬಡಿದರೆ ಗೆರೆ ಮೂಡುತ್ತದೆ. ಬೆಸುಗೆಯ ಬಿಸಿಗೆ ತಗಡು ಹೊಟ್ಟೆ ಬಿಟ್ಟರೆ ಅಲ್ಲಿ ಗ್ಯಾಸಿನಿಂದ ನಾಲ್ಕಾಣೆಯಷ್ಟಗಲ ಕೆಂಪಗೆ ಕಾಯಿಸಿ ಒದ್ದೆ ಗೋಣಿ ಒತ್ತುತ್ತಾರೆ. ‘ಚುಯ್’ ಎಂದು ಆವಿ ಏಳುತ್ತದೆ, ತಗಡು ಬಿಗಿದುಕೊಳ್ಳುತ್ತದೆ. ಅಪ್ಪ ಚಕ್ರಕ್ಕೆ ನೀರು ಹೊಯ್ಯುತ್ತಿದ್ದ ಕೆಲಸವೇ ಇದು. ರೆಡ್ ಆಕ್ಸೈಡ್, ಪೇಂಟು ಮುಂತಾದವನ್ನು ಪಕ್ಕದವರು ನೋಡಿಕೊಳ್ಳುತ್ತಾರೆ.

ಮಗಳ ಮಗ ಡಿಪ್ಲೊಮಾ ಓದಿ ಬಂದು ಎರಡು ವರ್ಷದಿಂದ ಜೊತೆಗಿದ್ದಾನೆ. ಮೊಬೈಲಿನಲ್ಲಿ ಫೋಟೋ ಹಾಕಿ ಆರ್ಡರ್ ಹಿಡಿಯುವವನು ಅವನೇ. ಕೊಡಗು, ವಯನಾಡು, ಇಡುಕ್ಕಿಯ ಗುಡ್ಡಗಳಿಗೆ ಬಸ್ಸಿನ ಪಾರ್ಸೆಲ್ಲಿನಲ್ಲಿ, ಗೋಣಿ ಸುತ್ತಿದ ತಳಗಳು ಹೋಗುತ್ತವೆ. ಅಜ್ಜನ ಪ್ಯಾಟ್ರನ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಿ ತರುವುದು ಅವನ ಆಲೋಚನೆ. ಆಚಾರ್ರಿಗೆ ಅದರ ಮೇಲೆ ಸಿಟ್ಟಿಲ್ಲ. “ಕತ್ತರಿಸೋದು ನನಗಿಂತ ಚೆನ್ನಾಗೇ ಕತ್ತರಿಸ್ತದೆ,” ಎಂದರು. ಅಡ್ಡಿ ಇರುವುದು ಬೇರೆ ಕಡೆ. ಅಷ್ಟು ಪ್ಯಾಟ್ರನ್‌ಗಳಲ್ಲಿ ಯಾವುದನ್ನು ಕಂಪ್ಯೂಟರಿಗೆ ಹಾಕುವುದು? ದೂರದವರ ಜೀಪು ಇಲ್ಲಿಗೆ ಬರುವುದಿಲ್ಲ. ಕೊನೆಗೆ ಸುತ್ತ ಒಂದಿಂಚು ಹೆಚ್ಚು ಬಿಟ್ಟು ಕಳಿಸುವುದೆಂದು ಅಜ್ಜ ಮೊಮ್ಮಗ ಒಪ್ಪಿಕೊಂಡಿದ್ದಾರೆ. ಅಲ್ಲಿನವರು ಕತ್ತರಿಸಿ ಕೂರಿಸಿಕೊಳ್ಳಬೇಕು. “ಅಲ್ಲಿ ಕತ್ತರಿ ಹಿಡಿಯೋರು ಇದ್ದರೆ,” ಎಂದು ಆಚಾರ್ರು ಸೇರಿಸಿದರು.

ಆ ಮಾತು ನನ್ನನ್ನು ಬಿಡುತ್ತಿಲ್ಲ. ಖಾಸಗಿ ಗಾಡಿಗೆ 15 ವರ್ಷ ತುಂಬಿದರೆ ಐದೈದು ವರ್ಷಕ್ಕೆ ನೋಂದಣಿ ಹೊಸದು ಮಾಡಿಸಬೇಕು. ಕಾರು ಜೀಪುಗಳಿಗೆ 600 ರೂಪಾಯಿಯಿದ್ದ ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಹೊಗೆ ಉಗುಳುವ, ಬ್ರೇಕ್ ಹಿಡಿಯದ ಗಾಡಿ ರಸ್ತೆಯಲ್ಲಿ ಇರಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಜಿನ್ ಗಟ್ಟಿಯಿದ್ದು ತಳ ಮಾತ್ರ ಹೋದ ಜೀಪನ್ನು ತೂಕದ ಲೆಕ್ಕಕ್ಕೆ ಗುಜರಿಗೆ ಕೊಡುವುದನ್ನು ಈ ಶೆಡ್ಡಿನಲ್ಲಿ ನಿಂತವರು ಒಪ್ಪಲಾರರು. ಐಟಿಐಗಳಲ್ಲಿ ಶೀಟ್ ಮೆಟಲ್ ಕಲಿಸುತ್ತಾರೆ; ಅಲ್ಲಿನ ಹುಡುಗರನ್ನು ಮಳೆಗಾಲದ ಮುಂಚೆ ಒಂದು ತಿಂಗಳು ಇಂಥ ಗೋಡೆಯ ಮುಂದೆ ಕೂರಿಸಬಾರದೇ? ತಗಡಿನ ಸದ್ದು ಕೇಳಿ ಅದರ ಆಯುಷ್ಯ ಹೇಳುವುದನ್ನು ಬೇರೆಲ್ಲೂ ಕಲಿಯಲಾಗದು.

ನಾನು ಹೊರಡುವ ದಿನ ಆ ಮೊದಲ ಜೀಪಿನ ಹೊಸ ತಳ ಸಿದ್ಧವಾಗಿತ್ತು. ಅದರ ಪ್ಯಾಟ್ರನ್ ಪಕ್ಕದಲ್ಲಿ ಒರಗಿತ್ತು. ಆಕ್ಸಿಲರೇಟರಿನ ಕೆಳಗೆ ಒಂದು ಕಡೆ, ತೆಂಗಿನ ಚಿಪ್ಪಿನಷ್ಟಗಲ, ಪೆನ್ಸಿಲಿನ ವೃತ್ತ. ಡ್ರೈವರಿನ ಬಲ ಹಿಮ್ಮಡಿ ಊರುವ ಜಾಗ ಅದು. ದಿನವೂ ಕೆಸರು ಮೆತ್ತಿದ ಬೂಟು ಉಜ್ಜಿ ಉಜ್ಜಿ ಪೇಂಟ್ ಹೋಗಿ, ತಳ ಮೊದಲು ತೂತಾಗುವುದು ಅಲ್ಲಿಯೇ. ಅದಕ್ಕೇ ಆಚಾರ್ರು ಅಲ್ಲಿ ಇನ್ನೊಂದು ತಗಡಿನ ತುಂಡನ್ನು ಇಮ್ಮಡಿ ಹಾಕುತ್ತಾರೆ. ಒಬ್ಬೊಬ್ಬರ ಹಿಮ್ಮಡಿ ಒಂದೊಂದು ಕಡೆ ಬೀಳುತ್ತದೆ, ಆದ್ದರಿಂದ ಗಾಡಿ ಓಡಿಸುವವರನ್ನೇ ಕೂರಿಸಿ ಗುರುತು ಮಾಡುತ್ತಾರೆ.

ಆ ವೃತ್ತ ಮೂವತ್ತು ವರ್ಷದ ಹಿಂದಿನದು, ಈಗಿನ ಯಜಮಾನರ ತಂದೆಯದು. ಅವರು ತೀರಿಕೊಂಡಿದ್ದಾರೆ. ಮಗನನ್ನು ಸೀಟಿನ ಮೇಲೆ ಕೂರಿಸಿ ನೋಡಿದಾಗ ಅವರ ಹಿಮ್ಮಡಿ ಎರಡು ಇಂಚು ಎಡಕ್ಕೆ ಬಿತ್ತು. ಆಚಾರ್ರು ಅಲ್ಲೊಂದು ಹೊಸ ವೃತ್ತ ಎಳೆದು ತುಂಡು ಬೆಸೆದರು. ಆಮೇಲೆ ಇನ್ನೊಂದು ತುಂಡು ಕತ್ತರಿಸಿ ಹಳೆಯ ವೃತ್ತದ ಮೇಲೂ ಇಟ್ಟರು.

“ಅಲ್ಲಿ ಬೇಡ ಅಲ್ವಾ ಆಚಾರ್ರೇ, ನನ್ನ ಕಾಲು ತಾಗಲ್ಲ,” ಎಂದರು ಮಗ.

“ತಾಗಲ್ಲ. ಇರ್ಲಿ ಬಿಡಿ,” ಎಂದು ಆಚಾರ್ರು ಗ್ಯಾಸ್ ಹೊತ್ತಿಸಿದರು.