ಪೇಟೆಯ ಜೀರ್ಣೋದ್ಧಾರ

ದೇವಾಲಯವು ಶಿಥಿಲವಾದರೆ ಜೀರ್ಣೋದ್ಧಾರ ಮಾಡುವ ಕ್ರಮವನ್ನು ವಾಚಕರೆಲ್ಲರೂ ಬಲ್ಲರು. ಪೇಟೆಯು ಶಿಥಿಲವಾದರೆ ಮಾಡತಕ್ಕದ್ದೇನು? ಈ ಪ್ರಶ್ನೆಯು ಅಮೆರಿಕದಲ್ಲಿಯೂ ನಮ್ಮ ಮೈಸೂರಿನಲ್ಲಿಯೂ ಎದ್ದಿದೆ.

ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ ವಿಕ್ಟರ್ ಗ್ರುಯೆನ್ ಎಂಬ ವಾಸ್ತುಶಿಲ್ಪಿಯು ರಚಿಸಿದ ಸೌತ್‌ಡೇಲ್ ಎಂಬ ವ್ಯಾಪಾರಭವನವು 1956ರಲ್ಲಿ ತೆರೆಯಿತು. ಒಂದೇ ಸೂರಿನಡಿ ಅನೇಕ ಅಂಗಡಿಗಳು, ಬಿಸಿಲುಚಳಿಗಳ ಬಾಧೆಯಿಲ್ಲ. ಈಗಿನ ಮಾಲ್‌ಗಳಿಗೆ ಅದೇ ಮಾದರಿ. ಇವುಗಳ ಒಳಗುಟ್ಟು ಸರಳವಾದದ್ದು. ದೊಡ್ಡದೊಂದು ಅಂಗಡಿಗೆ ಸುಲಭವಾದ ಬಾಡಿಗೆ. ಅದಕ್ಕಾಗಿ ಬಂದ ಜನರು ದಾರಿಯಲ್ಲಿ ಸಣ್ಣ ಅಂಗಡಿಗಳನ್ನೂ ಹೊಗುವರು. ಅಡಿಯೊಂದಕ್ಕೆ ಹೆಚ್ಚಿನ ಬಾಡಿಗೆಯನ್ನು ತೆರತಕ್ಕವರು ಆ ಸಣ್ಣವರೇ. ದೊಡ್ಡ ಅಂಗಡಿಯು ಮುಚ್ಚಿತೆಂದರೆ ಉಳಿದವೂ ಸೊರಗುವುವು. ಹೀಗೆ ಬರಿದಾದ ಕೆಲವು ಭವನಗಳನ್ನು ಅಲ್ಲಿಯವರು ವೈದ್ಯಶಾಲೆ, ಪುಸ್ತಕಭಂಡಾರ, ವಾಸಗೃಹಗಳಿಗೆ ಕೊಟ್ಟು ಮರಳಿ ಎಬ್ಬಿಸಿದ್ದಾರೆ.

ಈ ಮರ್ಮವು ನಮ್ಮ ತೆಂಗಿನ ಸೀಮೆಗೆ ಹೊಸದಲ್ಲ. ಅರಳಗುಪ್ಪೆಯ ರೈತನು ತಿಪಟೂರಿಗೆ ಹೋಗುವುದು ಕೊಬ್ಬರಿಯ ಹರಾಜಿಗಾಗಿ. ಹಣವು ಕೈಸೇರಿದ ಬಳಿಕ ಜವಳಿಯಂಗಡಿ, ದಿನಸಿ, ಕಾಫಿಯ ಹೋಟೆಲು ಎಲ್ಲಕ್ಕೂ ಅದರ ಪಾಲು. ಹರಾಜೇ ಪೇಟೆಯ ಪ್ರಾಣ, ಕಟ್ಟಡವು ದೇಹಮಾತ್ರ.

ಮೈಸೂರಿನ ದೇವರಾಜ ಮಾರುಕಟ್ಟೆಯ ಪ್ರಾಣ ಯಾವುದು? ಮಲ್ಲಿಗೆ, ಚಿಗುರೆಲೆ, ಬಾಳೆಹಣ್ಣು, ಕುಂಕುಮ. ಅದರ ಒಂದು ಭಾಗವು 2016ರ ಆಗಸ್ಟಿನಲ್ಲಿ ಕುಸಿಯಿತು. ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡವು 2012ರಲ್ಲಿ ಕುಸಿದಾಗ ನಾಲ್ವರು ಮಡಿದಿದ್ದರು. ಆದಕಾರಣ ಭಯವು ನಿರಾಧಾರವಲ್ಲ. ಕೆಡವಿ ಕಟ್ಟಬೇಕೆಂದು ಒಂದು ಪಕ್ಷ, ದುರಸ್ತಿ ಸಾಕೆಂದು ಇನ್ನೊಂದು. ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೂ ಹೋಯಿತು.

ಕಲ್ಲುಗಾರೆಗಳ ಬಲಾಬಲವನ್ನು ತಜ್ಞರು ತೂಗಲಿ. ನಾನು ಕೇಳುವುದು ಅಂಗಡಿಯವರ ಗತಿಯನ್ನು. ಆಗಮಗಳಲ್ಲಿ ಬಾಲಾಲಯವೆಂಬ ವಿಧಿಯುಂಟು. ಗುಡಿಯನ್ನು ಬಿಚ್ಚುವ ಮುನ್ನ ದೇವರ ಕಲೆಯನ್ನು ಕಲಶಕ್ಕೆ ಆವಾಹಿಸಿ, ತಾತ್ಕಾಲಿಕವಾದ ಸಣ್ಣ ಆಲಯದಲ್ಲಿಟ್ಟು, ಅಲ್ಲಿಯೂ ಪೂಜೆಯು ತಪ್ಪದಂತೆ ನೋಡಿಕೊಳ್ಳುವರು. ಕೆಲಸವು ಮುಗಿದ ಮೇಲೆ ಮೂಲಸ್ಥಾನಕ್ಕೇ ಮರಳಿ ತರುವರು. ದೇವರನ್ನು ಹೊರಗಿಟ್ಟು, ಹೊಸ ಗುಡಿಯನ್ನು ಹೆಚ್ಚು ಕಾಣಿಕೆ ಕೊಡುವ ಬೇರೊಬ್ಬ ದೇವರಿಗೆ ಒಪ್ಪಿಸುವರೆ?

ಪೇಟೆಗೂ ಇದೇ ನ್ಯಾಯವು ಸಲ್ಲಬೇಕು. ಹೂವಾಡಿಗನಿಗೆ ಕೆಲಸವು ನಡೆಯುವಷ್ಟು ಕಾಲ ಜನರು ಓಡಾಡುವ ಕಡೆಯಲ್ಲಿಯೇ ಜಾಗ, ಮುಗಿದ ಮೇಲೆ ಹಿಂದಿರುಗುವ ಹಕ್ಕು, ಅವನು ತೆರಬಲ್ಲ ಬಾಡಿಗೆ, ಇವು ಮೂರನ್ನೂ ಮೊದಲೇ ಪತ್ರಮುಖೇನ ನಿಶ್ಚಯಿಸತಕ್ಕದ್ದು. ಹೊಸಬರು ಬರಲಿ, ಬೇಡವೆನ್ನುವವರಾರು? ಆದರೆ ಮೊಳ ಹೂವಿಗೂ ಕಟ್ಟು ಎಲೆಗೂ ಬರುತ್ತಿದ್ದ ಗೃಹಿಣಿಯು ಬಾರದೆಹೋದರೆ ಹೊಸಬನ ಅಂಗಡಿಗೂ ಗಿರಾಕಿಯಿಲ್ಲ.

ನಮ್ಮೂರ ಕಲ್ಲೇಶ್ವರನ ಗುಡಿಯು ಸಾವಿರ ವರ್ಷಕ್ಕೂ ಹಳೆಯದು. ಅದನ್ನು ಕಲ್ಲು ನಿಲ್ಲಿಸಿದೆ, ನಿಜ. ಆದರೆ ಗುಡಿಯೆನಿಸಿರುವುದು ದೀಪ ಹಚ್ಚುವವರಿಂದ.