ಒಂದು ‘ಸಂ.’, ಹಲವು ಅರ್ಥ

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕನ್ನಡ ಮಾಸಿಕಗಳ ಕಟ್ಟು ಇದ್ದರೆ ಒಮ್ಮೆ ಬಿಚ್ಚಿ ನೋಡಿ. ಎಲ್ಲಾದರೂ ‘ಸಂ. 12, ಸಂ. 3’ ಎಂದು ಅಚ್ಚಾಗಿರುವುದು ಕಣ್ಣಿಗೆ ಬೀಳಬಹುದು. ಮೊದಲನೆಯದು ಸಂಪುಟ, ಎರಡನೆಯದು ಸಂಚಿಕೆ. ಅದರ ಕೆಳಗೇ ‘ಸಂ.’ ಹಾಕಿ ಒಬ್ಬರ ಹೆಸರಿದ್ದರೆ ಅವರು ಸಂಪಾದಕರು. ನೋಂದಣಿಯ ಸಂಖ್ಯೆಗೂ ಅದೇ ‘ಸಂ.’. ನಿಘಂಟು ತೆಗೆದರೆ ಪದದ ಪಕ್ಕದಲ್ಲಿರುವ ‘ಸಂ.’ ಸಂಸ್ಕೃತ. ಊರಲ್ಲಿ ಕನ್ನಡ ಓದಿ ಬೆಳೆದ ನಮಗೆ ಇದೇನೂ ತೊಡಕಲ್ಲ. ಜಾಗ ನೋಡಿ ಅರ್ಥ ಹಿಡಿಯುತ್ತೇವೆ. ಆದರೆ ಮುಂಬಯಿಯಲ್ಲೇ ಹುಟ್ಟಿ, ಮನೆಯಲ್ಲಷ್ಟೇ ಕನ್ನಡ ಕೇಳಿ, ರಜೆಯಲ್ಲಿ ಅಜ್ಜಿಯಿಂದ ಅಕ್ಷರ ಕಲಿತ ಮಗುವಿನ ಗತಿ? ಅದು ಅಕ್ಷರವನ್ನು ಸರಿಯಾಗಿಯೇ ಓದುತ್ತದೆ, ಅರ್ಥ ಮಾತ್ರ ದಕ್ಕುವುದಿಲ್ಲ.

ಇಷ್ಟೊಂದು ಪದಗಳು ಒಂದೇ ಅಕ್ಷರದಿಂದ ಹೊರಡುವುದಕ್ಕೆ ಕಾರಣ ಒಂದು ಉಪಸರ್ಗ. ಸಂಸ್ಕೃತದ 22 ಉಪಸರ್ಗಗಳ ಪಟ್ಟಿಯಲ್ಲಿ ಪ್ರ, ಪರಾ, ಅಪ ಆದ ಮೇಲೆ ನಾಲ್ಕನೆಯದೇ ‘ಸಮ್’. ಒಟ್ಟಿಗೆ, ಚೆನ್ನಾಗಿ, ಪೂರ್ತಿಯಾಗಿ ಎಂಬ ಅರ್ಥಗಳನ್ನು ಅದು ಹೊತ್ತು ತರುತ್ತದೆ. ಮುಂದೆ ಸ್ವರ ಬಂದರೆ ಸೊನ್ನೆ ಹೋಗಿ ಮಕಾರ ಉಳಿಯುತ್ತದೆ: ಸಮಾಜ, ಸಮಿತಿ, ಸಮಾರಂಭ. ನಮ್ಮ ‘ಸಂಘ’ವನ್ನೇ ಬಿಡಿಸಿ ನೋಡಿ. ಸಮ್ ಜೊತೆಗಿರುವ ಧಾತು ‘ಹನ್’, ಅಂದರೆ ಹೊಡೆ. ಬಡಿದು ಬಡಿದು ಒಂದಾಗಿಸಿದ್ದು ಸಂಘ! ವಾರ್ಷಿಕ ಮಹಾಸಭೆಗೆ ತಪ್ಪದೆ ಬರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ‘ಸಂ’ ಕಂಡಲ್ಲೆಲ್ಲ ಉಪಸರ್ಗ ಹುಡುಕಬೇಡಿ. ಸಂಪಿಗೆ ಬಂದದ್ದು ಚಂಪಕದಿಂದ, ಸಂಕೋಲೆ ಶೃಂಖಲೆಯಿಂದ. ಸಂಡಿಗೆಯನ್ನು ಬಿಡಿಸದೆ ಕರಿದು ತಿನ್ನುವುದೇ ಮೇಲು.

ನಿಜವಾದ ಮೋಜು ಇರುವುದು ಪಕ್ಕದ ಮನೆಯಲ್ಲಿ. ರಾಜ್ಯೋತ್ಸವಕ್ಕೆ ನಾವು ಹೆಮ್ಮೆಯಿಂದ ‘ಸಂಭ್ರಮ’ ಎಂದು ಬ್ಯಾನರ್ ಕಟ್ಟಿ, ಪಕ್ಕದಲ್ಲೇ ಅದನ್ನು ನಾಗರಿಯಲ್ಲೂ ಬರೆಸುತ್ತೇವೆ ಎನ್ನಿ. ಮರಾಠಿಯಲ್ಲಿ ಸಂಭ್ರಮ ಎಂದರೆ ಗೊಂದಲ! ‘ಕನ್ನಡಿಗರ ಗೊಂದಲ, ಎಲ್ಲರಿಗೂ ಸ್ವಾಗತ’ ಎಂದು ನೆರೆಯವರು ಓದಿಕೊಂಡರೆ ತಪ್ಪು ಅವರದಲ್ಲ. ಭ್ರಮ್ ಎಂದರೆ ತಿರುಗು, ಸುತ್ತು. ಆ ಸುತ್ತಾಟದ ಗಡಿಬಿಡಿಯನ್ನು ನಾವು ಮದುವೆಮನೆಯ ಸಡಗರವಾಗಿ ಕಂಡೆವು, ಅವರು ತಲೆ ಸುತ್ತುವ ಪಾಡಾಗಿ ಕಂಡರು. ಮದುವೆ ಮಾಡಿಸಿದ ಹೆಣ್ಣಿನ ತಂದೆಯನ್ನು ಕೇಳಿದರೆ ಎರಡೂ ಸರಿ ಎಂದಾರು.

ದೆಹಲಿಯ ಬಂಧುಗಳ ಪಾಡು ಇನ್ನೊಂದು. ನಮ್ಮಲ್ಲಿ ಸಂಶೋಧನೆ ಎಂದರೆ ಶಾಸನ, ತಾಳೆಗರಿಗಳ ನಡುವೆ ಕೂತು ಮಾಡುವ ಕೆಲಸ, ಮರಾಠಿಯಲ್ಲೂ ಹಾಗೆಯೇ. ಹಿಂದಿ ಪತ್ರಿಕೆಯಲ್ಲಿ ‘ಸಂವಿಧಾನ್ ಸಂಶೋಧನ್’ ಎಂದು ಕಂಡರೆ ಅದು ಸಂವಿಧಾನದ ತಿದ್ದುಪಡಿ. ಶುಧ್ ಎಂದರೆ ಶುದ್ಧ ಮಾಡು. ಒಬ್ಬರು ಕಸ ತೆಗೆದು ಸತ್ಯ ಹುಡುಕಿದರು, ಇನ್ನೊಬ್ಬರು ತಪ್ಪು ತೆಗೆದು ತಿದ್ದಿದರು. ಇನ್ನು ಸಂಪಾದನೆ. ನಮಗೆ ಅದು ಹಣ ಗಳಿಕೆಯೂ ಹೌದು, ಗ್ರಂಥ ಪರಿಷ್ಕರಣೆಯೂ ಹೌದು. ಮಹಾರಾಷ್ಟ್ರದಲ್ಲಿ ಜಮೀನಿಗೆ ಸರಕಾರದಿಂದ ‘ಭೂಸಂಪಾದನ’ದ ನೋಟೀಸು ಬಂದರೆ ಅದು ಭೂಸ್ವಾಧೀನ, ಗಳಿಕೆ ಎಂದು ಹಿಗ್ಗಬೇಡಿ. ಸಂಘದ ಪತ್ರಿಕೆಯ ಸಂಪಾದಕರಿಗೆ ಎಷ್ಟು ಸಂಪಾದನೆ ಎಂಬುದು ನಿಮಗೆ ಗೊತ್ತೇ ಇದೆ.

ಉಚ್ಚಾರವೂ ಬೇರೆ. ಮರಾಠಿ ಶಾಲೆಗೆ ಹೋಗುವ ಮಕ್ಕಳು ಸಂಸ್ಥೆಯನ್ನು ‘ಸೌಂಸ್ಥಾ’ ಎಂಬಂತೆ ಹೇಳುತ್ತಾರೆ. ಅದು ಆ ಭಾಷೆಯ ಸರಿಯಾದ ರೀತಿ. ಕನ್ನಡ ಓದುವಾಗಲೂ ಹಾಗೆಂದರೆ ಗದರಬೇಡಿ. ನೀವು ಒಮ್ಮೆ ‘ಸಂಸ್ಥೆ’ ಎಂದು ಹೇಳಿ ತೋರಿಸಿದರೆ ಸಾಕು.

ಕೊನೆಗೆ, ಆಮಂತ್ರಣ ಪತ್ರಿಕೆ ಸಿದ್ಧಪಡಿಸುವ ಬಂಧುಗಳಲ್ಲಿ ಒಂದು ಬಿನ್ನಹ. ‘ಸಂ. 6 ಗಂಟೆಗೆ’ ಎಂದು ಹಾಕಿ, ಕೆಳಗೆ ಫೋನ್ ನಂಬರಿನ ಮುಂದೆ ಮತ್ತೊಂದು ‘ಸಂ.’ ಹಾಕುತ್ತೀರಿ. ಎರಡನೆಯದು ಸಂಪರ್ಕವೋ ಸಂಖ್ಯೆಯೋ, ಹೇಗಿದ್ದರೂ ಫೋನ್ ಹೋಗುತ್ತದೆ. ಮೊದಲನೆಯದನ್ನಾದರೂ ‘ಸಂಜೆ’ ಎಂದು ಪೂರ್ತಿ ಬರೆಯಿರಿ. ಹೆಚ್ಚಾಗುವುದು ಒಂದು ‘ಜೆ’, ಉಳಿಯುವುದು ಒಂದು ಚುಕ್ಕಿ.